ಕಾಲಿನ ಹುಣ್ಣಿಗೆ ಮುನ್ನ ಚರ್ಮ ಕೊಡುವ ಸುಳಿವುಗಳು

ಕಣಕಾಲಿನ ಒಳಮಗ್ಗುಲಲ್ಲಿ, ಗಂಟಿಗಿಂತ ತುಸು ಮೇಲೆ, ಕೆರೆದುಕೊಂಡಲ್ಲೋ ಸೊಳ್ಳೆ ಕಚ್ಚಿದಲ್ಲೋ ಆದ ಸಣ್ಣ ಗಾಯ ಎರಡು ವಾರ ಕಳೆದರೂ ಮಾಯದಿದ್ದರೆ, ಮುಲಾಮು ಬದಲಿಸುತ್ತ ಕೂರುವುದನ್ನು ಬಿಟ್ಟು ಕಾಲಿನ ರಕ್ತಸಂಚಾರವನ್ನು ಪರೀಕ್ಷಿಸಿಕೊಳ್ಳಬೇಕು.

ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳನ್ನು, ಹಿಂಡಿ ರಕ್ತವನ್ನು ಮೇಲೇರಿಸುತ್ತವೆ. ಏರಿದ ರಕ್ತ ಮತ್ತೆ ಇಳಿಯದಂತೆ ಒಳಗಿನ ಕವಾಟಗಳು ತಡೆಯುತ್ತವೆ. ಈ ಕವಾಟಗಳು ಸಡಿಲಗೊಂಡವರು ಹೋಟೆಲಿನ ಒಲೆಯ ಮುಂದೆಯೋ ಸೀರೆ ಅಂಗಡಿಯಲ್ಲೋ ದಿನವಿಡೀ ನಿಂತರೆ ರಕ್ತ ಕೆಳಗೇ ನಿಂತು ಒತ್ತಡ ಹೆಚ್ಚುತ್ತದೆ. ಮೊದಲು ಕಾಣುವುದು ಸಂಜೆ ಬಂದು ಬೆಳಗ್ಗೆ ಇಳಿಯುವ ಊತ ಮತ್ತು ಉಬ್ಬಿದ ರಕ್ತನಾಳಗಳು. ಅನಂತರ ಕೆಂಪು ರಕ್ತಕಣಗಳು ಹೊರಗೆ ಜಿನುಗಿ, ಅವುಗಳಲ್ಲಿನ ಕಬ್ಬಿಣದ ಅಂಶ ಚರ್ಮದಲ್ಲಿ ಕಂದು ಕಲೆಯಾಗಿ ಉಳಿಯುತ್ತದೆ. ನಮ್ಮ ಮೈಬಣ್ಣದಲ್ಲಿ ಈ ಕಲೆ ಕಪ್ಪಾಗಿ ಕಾಣುವುದರಿಂದ ಬಹಳ ಮಂದಿ ಅದನ್ನು ವಯಸ್ಸಿನ ಗುರುತೆಂದು ಬಿಟ್ಟುಬಿಡುತ್ತಾರೆ. ಚಿಕಿತ್ಸೆ ಅತ್ಯಂತ ಸುಲಭವಾಗಿರುವ ಕಾಲ ಹೀಗೆಯೇ ಕೈತಪ್ಪುತ್ತದೆ. ತುರಿಕೆ ಬಂದು ಚರ್ಮ ಗಡುಸಾದ ಮೇಲೆ ಉಗುರು ತಾಗಿದರೂ ಹುಣ್ಣಾಗಬಹುದು. ಅದು ಆಳವಿಲ್ಲದೆ, ಅಂಕುಡೊಂಕಾದ ಅಂಚಿನೊಂದಿಗೆ ನೀರು ಸೋರುತ್ತಿರುತ್ತದೆ.

ಹೃದಯದಿಂದ ಕಾಲಿಗೆ ರಕ್ತ ತರುವ ಅಪಧಮನಿಗಳು ಕಿರಿದಾಗಿ ಬರುವ ಹುಣ್ಣಿನ ಲಕ್ಷಣವೇ ಬೇರೆ. ಅದು ಸಾಮಾನ್ಯವಾಗಿ ಬೆರಳು, ಹಿಮ್ಮಡಿಗಳಲ್ಲಿ ಕೊರೆದಂತೆ ಕಾಣುತ್ತದೆ. ಪಾದ ತಣ್ಣಗಿರುತ್ತದೆ, ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ರಾತ್ರಿಯ ನೋವು ಕಾಲನ್ನು ಮಂಚದಿಂದ ಇಳಿಬಿಟ್ಟಾಗ ಕಡಿಮೆಯಾಗುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿಯೂ ಮಧುಮೇಹಿಗಳಲ್ಲಿಯೂ ಇದು ಹೆಚ್ಚು. ಈ ವ್ಯತ್ಯಾಸ ತಿಳಿಯದೆ ಯಾರೂ ಕಾಲಿಗೆ ಬಿಗಿಯಾದ ಪಟ್ಟಿ ಕಟ್ಟಬಾರದು: ಮೊದಲ ಬಗೆಯ ಹುಣ್ಣಿಗೆ ಆ ಬಿಗಿತವೇ ಮುಖ್ಯ ಚಿಕಿತ್ಸೆ, ಎರಡನೆಯದಕ್ಕೆ ಅದರಿಂದ ಪಾದವೇ ಕೊಳೆಯುವ ಅಪಾಯವಿದೆ. ಆದ್ದರಿಂದ ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ಶಬ್ದತರಂಗಗಳಿಂದ ರಕ್ತದ ಹರಿವನ್ನು ಗುರುತಿಸುವ ಡಾಪ್ಲರ್ ಉಪಕರಣದಿಂದ ಅಳೆದು ಹೋಲಿಸುತ್ತಾರೆ. ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದಾಗ ಬರುವ ಈ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ಅಪಧಮನಿಯ ತೊಂದರೆಯನ್ನು ಸೂಚಿಸುತ್ತದೆ, 0.5ಕ್ಕಿಂತ ಕಡಿಮೆಯಿದ್ದರೆ ತೊಂದರೆ ತೀವ್ರವಾಗಿದೆಯೆಂದು ಅರ್ಥ. ಮಧುಮೇಹಿಗಳಲ್ಲಿ ರಕ್ತನಾಳ ಗಡುಸಾಗಿ ಅನುಪಾತ ಹುಸಿಯಾಗಿ ಹೆಚ್ಚು ಕಾಣಬಹುದಾದ್ದರಿಂದ ವೈದ್ಯರಿಗೆ ಸಕ್ಕರೆ ಕಾಯಿಲೆಯ ವಿಷಯವನ್ನು ತಪ್ಪದೆ ತಿಳಿಸಬೇಕು.

ಅಭಿಧಮನಿಯ ತೊಂದರೆಯೆಂದು ಖಚಿತವಾದವರು ದಿನಕ್ಕೆ ಮೂರು ನಾಲ್ಕು ಬಾರಿ, ಅರ್ಧ ಗಂಟೆಯಷ್ಟು, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಟ್ಟು ಮಲಗಬೇಕು. ಕುರ್ಚಿಯಲ್ಲಿ ಕುಳಿತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಸಾಲದು. ನಿಂತೇ ದುಡಿಯುವವರು ಆಗಾಗ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯಬೇಕು. ವೈದ್ಯರು ಅಳತೆ ತೆಗೆದು ಬರೆದುಕೊಟ್ಟ ಬಿಗಿ ಕಾಲುಚೀಲವನ್ನು ಊತ ಏರುವ ಮೊದಲೇ, ಬೆಳಗ್ಗೆ ಹಾಸಿಗೆಯಿಂದ ಏಳುತ್ತಲೇ ಧರಿಸಬೇಕು. ನಮ್ಮ ಬೇಸಿಗೆಯಲ್ಲಿ ಅದು ನಿಜಕ್ಕೂ ಕಷ್ಟ. ಆದರೂ ಹುಣ್ಣು ಮಾಯ್ದ ಮೇಲೆ ಚೀಲ ಬಿಟ್ಟವರಲ್ಲಿ ಅದು ಮರಳುವ ಸಾಧ್ಯತೆ ಹೆಚ್ಚು. ಒಣಗಿದ ಚರ್ಮಕ್ಕೆ ಪರಿಮಳವಿಲ್ಲದ ವ್ಯಾಸಲೀನ್ ಸಾಕು. ತೆರೆದ ಹುಣ್ಣಿಗೆ ಸುಣ್ಣ, ಕಾಫಿ ಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ, ಹುಣ್ಣಿನ ಸುತ್ತ ಕೆಂಪು ಹರಡಿ ಜ್ವರ ಬಂದರೆ, ಅಥವಾ ಬೆರಳು ಕಪ್ಪಾಗತೊಡಗಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.