ತೊಗರಿ ವಿವರದೊಳಗೆ ನುಸುಳಿದ ಸ್ಕ್ರಿಪ್ಟ್: ನನ್ನ ಅನುಭವ

ಕಲಬುರಗಿಯ ತೊಗರಿ ವ್ಯಾಪಾರಿಗಳ ಒಂದು ಸಣ್ಣ ಆ್ಯಪ್ ನೋಡಿಕೊಳ್ಳುತ್ತೇನೆ. ಮಾಲಿನ ವಿವರ ಅವರೇ ಬರೆಯುತ್ತಾರೆ, ಬೋಲ್ಡ್ ಬೇಕು, ಪಟ್ಟಿ ಬೇಕು ಅಂದಿದ್ದಕ್ಕೆ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಟ್ಯಾಗ್‌ಗಳ ಭಾಷೆ) ಬಳಸಲು ಬಿಟ್ಟಿದ್ದೆ. ಹೋದ ವಾರ ಗೆಳೆಯನೊಬ್ಬ ಅಲ್ಲಿ ಇಮೇಜ್ ಟ್ಯಾಗ್ ಹಾಕಿದ. ಸೋರ್ಸ್‌ನಲ್ಲಿ ಬರೀ ಎಕ್ಸ್ ಅಕ್ಷರ, ಪಕ್ಕದಲ್ಲಿ ಆನ್‌ಎರರ್, ಅಂದರೆ ಚಿತ್ರ ಸಿಗದಿದ್ದರೆ ಏನು ಮಾಡಬೇಕೆಂಬ ಕೋಡ್. ಚಿತ್ರ ಸಿಗಲಿಲ್ಲ, ಆನ್‌ಎರರ್‌ನಲ್ಲಿದ್ದ ಕೋಡ್ ಓಡಿತು, ನನ್ನ ಲಾಗಿನ್ ಕುಕಿ (ಲಾಗಿನ್ ಆದವನು ನಾನೇ ಎಂದು ತೋರಿಸಲು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಅಲರ್ಟ್ ಡಬ್ಬಿಯಲ್ಲಿ ಕಣ್ಣೆದುರಿಗೇ ಬಂತು. ಎದೆ ಧಸಕ್ಕೆಂದಿತು. ಕಳ್ಳರು ಹಾಕಿದ್ದರೆ ಅದನ್ನು ತೆರೆದ ಪ್ರತಿ ವ್ಯಾಪಾರಿಯ ಖಾತೆಗೂ ಅಪಾಯ, ಅಲ್ವಾ?

ಪುಟದಲ್ಲಿ ಕೋಡ್ ಓಡಿಸುವ ಸ್ಕ್ರಿಪ್ಟ್ ಟ್ಯಾಗ್ ಅನ್ನು ನಾನು ರೆಜೆಕ್ಸ್‌ನಿಂದ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಅಳಿಸುತ್ತಿದ್ದೆ, ಅದು ಸಾಲದು. ಒಂದು ಟ್ಯಾಗ್ ನಡುವೆ ಇನ್ನೊಂದನ್ನು ತುರುಕಿದರೆ, ಒಳಗಿನದು ಅಳಿದ ಮೇಲೆ ಆಚೀಚಿನ ತುಂಡುಗಳು ಕೂಡಿ ಮತ್ತೆ ಸ್ಕ್ರಿಪ್ಟ್ ಆಗುತ್ತದೆ! ಕೆಟ್ಟದ್ದನ್ನು ಹುಡುಕಿ ತೆಗೆಯುತ್ತಾ ಕೂತರೆ ಮುಗಿಯೋದೇ ಇಲ್ಲ, ಬೇಕಾದ್ದನ್ನು ಮಾತ್ರ ಒಳಗೆ ಬಿಡಬೇಕು.

ಹಾಗಾಗಿ ಎಚ್‌ಟಿಎಂಎಲ್ ಶುಚಿ ಮಾಡುವ ಡೋಮ್‌ಪ್ಯೂರಿಫೈ ಎಂಬ ಲೈಬ್ರರಿ ಹಾಕಿದೆ. ಬಿ, ಪಿ, ಯುಎಲ್, ಎಲ್‌ಐ, ಈ 4 ಟ್ಯಾಗ್‌ಗಳಿಗೆ ಮಾತ್ರ ಅನುಮತಿ, ಆಟ್ರಿಬ್ಯೂಟ್ (ಸೋರ್ಸ್, ಆನ್‌ಎರರ್‌ನಂತೆ ಟ್ಯಾಗ್ ಒಳಗೆ ಬರೆಯುವಂಥವು) ಪಟ್ಟಿ ಖಾಲಿ, ಅಂದರೆ ಒಂದಕ್ಕೂ ಅನುಮತಿ ಇಲ್ಲ. ಆದರೂ ಒಂದು ಕಡೆ ಸೋರುತ್ತಿತ್ತು. ಮೊದಲು ಶುಚಿ ಮಾಡಿ ಆಮೇಲೆ ಮಾರ್ಕ್‌ಡೌನ್ (ಸರಳ ಚಿಹ್ನೆಗಳಲ್ಲಿ ಬರೆದ ಪಠ್ಯ) ಅನ್ನು ಎಚ್‌ಟಿಎಂಎಲ್‌ಗೆ ಬದಲಿಸುತ್ತಿದ್ದೆ, ಅಲ್ಲಿಂದ ಜಾವಾಸ್ಕ್ರಿಪ್ಟ್ ಲಿಂಕ್ (ಒತ್ತಿದರೆ ಕೋಡ್ ಓಡುವ ಲಿಂಕ್) ಮತ್ತೆ ಹುಟ್ಟುತ್ತಿತ್ತು. ಇದನ್ನು ಹಿಡಿಯೋಕೇ ಜಾಸ್ತಿ ಹೊತ್ತು ಹೋಯಿತು. ಈಗ ಎಲ್ಲ ಬದಲಾವಣೆ ಮುಗಿದ ಮೇಲೆ, ತೋರಿಸುವ ಮುಂಚೆ, ಕೊನೆಗೆ ಶುಚಿ. ವ್ಯಾಪಾರಿಯ ಹೆಸರಿಗೆ ಎಚ್‌ಟಿಎಂಎಲ್ ಯಾಕೆ ಬೇಕು? ಅಲ್ಲಿ ಪಠ್ಯವನ್ನು ಎಚ್‌ಟಿಎಂಎಲ್ ಎಂದೇ ಓದುವ ಇನ್ನರ್‌ಎಚ್‌ಟಿಎಂಎಲ್ ತೆಗೆದು, ಬರೀ ಅಕ್ಷರವಾಗಿ ತೋರಿಸುವ ಟೆಕ್ಸ್ಟ್‌ಕಂಟೆಂಟ್ ಹಾಕಿದೆ. ಲಾಗಿನ್ ಕುಕಿ ಸ್ಕ್ರಿಪ್ಟ್ ಕೈಗೆ ಸಿಗದಂತೆ ಎಚ್‌ಟಿಟಿಪಿಓನ್ಲಿ ಮಾಡಿದೆ.

ನಿನ್ನೆ ಗೆಳೆಯ ಅದೇ ಇಮೇಜ್ ಟ್ಯಾಗ್ ಮತ್ತೆ ಹಾಕಿ ನೋಡಿದ. "ಕೆಂಪು ತೊಗರಿ, 50 ಚೀಲ" ಅಂತ ಮಾತ್ರ ಕಾಣಿಸಿತು.