ಆಡಿಟ್ ಕೆಲಸ ಬಿಟ್ಟು ಟಲ್ಲಿಯ ಬಾಳೆ ತೋಟಕ್ಕೆ

ಬೆಂಗಳೂರಿನಲ್ಲಿ ನನ್ನ ಆಡಿಟ್ ಕೆಲಸ ಚೆನ್ನಾಗಿಯೇ ನಡೆದಿತ್ತು. ಆದರೂ ನೆಮ್ಮದಿ ಇರಲಿಲ್ಲ. ಒಂದು ವರ್ಷವಾದರೂ ಬೇರೆ ದೇಶದಲ್ಲಿ ಮೈ ಬಗ್ಗಿಸಿ ದುಡಿದು, ಆ ದುಡ್ಡಲ್ಲೇ ಬದುಕಿ ನೋಡಬೇಕು ಅನ್ನುವ ಆಸೆ ಬಲವಾಗಿತ್ತು. ಸಾಲ ಮಾಡಿ ಓದಲು ಹೋಗುವುದು ಬೇಡ, ಅಲ್ಲೇ ನೆಲೆಸುವುದೂ ಬೇಡ.

ಆಗಲೇ ಆಸ್ಟ್ರೇಲಿಯಾ ಭಾರತೀಯರಿಗೂ ವರ್ಕ್ ಅಂಡ್ ಹಾಲಿಡೇ ವೀಸಾ ತೆರೆಯಿತು. 462 ನಂಬರಿನ ಈ ವೀಸಾ 18ರಿಂದ 30 ವರ್ಷದವರಿಗೆ, 12 ತಿಂಗಳ ಮಟ್ಟಿಗೆ. ವರ್ಷಕ್ಕೆ 1,000 ಜನರಿಗೆ ಮಾತ್ರ, ಅದೂ ಲಾಟರಿಯಲ್ಲಿ. ಮೊದಲ ನೋಂದಣಿ 2024ರ ಅಕ್ಟೋಬರ್ ತಿಂಗಳಿಡೀ ನಡೆಯಿತು. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, 25 ಆಸ್ಟ್ರೇಲಿಯನ್ ಡಾಲರ್ ಶುಲ್ಕ, ಅಷ್ಟೇ. ಹೆಸರು ಬಂದ ಮೇಲೆ ಉಳಿದದ್ದು: ಪಿಯುಸಿ ನಂತರ ಎರಡು ವರ್ಷ ಓದಿದ ದಾಖಲೆ, ಇಂಗ್ಲಿಷ್ ಪರೀಕ್ಷೆ, ಖಾತೆಯಲ್ಲಿ ಸುಮಾರು 5,000 ಡಾಲರ್. ಈ ಹಣವನ್ನು ಮೊದಲೇ ಜೋಡಿಸಿಡಿ. ಹೆಸರು ಬಂದಮೇಲೆ ಓಡಾಡಲು ಸಮಯ ಜಾಸ್ತಿ ಇರುವುದಿಲ್ಲ.

ವೀಸಾಕ್ಕಿಂತ ತಲೆ ಕೆಡಿಸಿಕೊಂಡದ್ದು ಊರಿನ ಆಯ್ಕೆಗೆ. ಸಿಡ್ನಿ, ಮೆಲ್ಬರ್ನ್ ಎಲ್ಲರ ಬಾಯಲ್ಲೂ ಇರುವ ಹೆಸರು. ಆದರೆ ಅಲ್ಲಿ ಬಾಡಿಗೆ ವಿಪರೀತ, ಕಾಫಿ ಅಂಗಡಿಯ ಕೆಲಸಕ್ಕೂ ಅಲ್ಲಿಯದೇ ಅನುಭವ ಕೇಳುತ್ತಾರೆ. ನಾನು ಬೆಳೆ ನೋಡಿ ಊರು ಹುಡುಕಿದೆ. ಯಾವ ತಿಂಗಳಲ್ಲಿ ಎಲ್ಲಿ ಕೊಯ್ಲು ಎಂದು ಹೇಳುವ ಹಾರ್ವೆಸ್ಟ್ ಗೈಡ್ ಅನ್ನು ಅಲ್ಲಿಯ ಸರ್ಕಾರವೇ ಕೊಡುತ್ತದೆ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ಭಾಗದಲ್ಲಿ ಮಾವು ವರ್ಷದ ಕೊನೆಗೆ ಬಂದು ಬೇಗ ಮುಗಿದುಹೋಗುತ್ತದೆ. ಅದೇ ಭಾಗದ ಟಲ್ಲಿ, ಇನ್ನಿಸ್ಫೇಲ್ ಊರುಗಳ ಕಡೆ ಬಾಳೆಗೊನೆ ವರ್ಷವಿಡೀ ಕಡಿಯುತ್ತಾರೆ. ಹೊಸಬರಿಗೆ ಬಾಳೆಯೇ ಸರಿ ಅಂತ ನಿರ್ಧಾರ ಮಾಡಿದೆ.

ಇಲ್ಲಿಂದ ಕಳಿಸಿದ ಇಮೇಲ್‌ಗಳಿಗೆ ಉತ್ತರ ಬರಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ತೋಟದವರಿಗೆ ಬೇಕಿರುವುದು ನಾಳೆ ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ನಿಲ್ಲುವ ಆಳು. ಕೇರ್ನ್ಸ್‌ನಲ್ಲಿ ಇಳಿದು ಬ್ಯಾಂಕ್ ಖಾತೆ, ಸಿಮ್ ಮಾಡಿಸಿಕೊಂಡೆ. ನಮ್ಮ ಪ್ಯಾನ್‌ನಂತೆ ಅಲ್ಲಿ ಟಿಎಫ್‌ಎನ್ ಬೇಕು, ಅದಕ್ಕೂ ಅರ್ಜಿ ಹಾಕಿ ಬಸ್ಸು ಹಿಡಿದೆ. ಸುಮಾರು 140 ಕಿ.ಮೀ. ದಕ್ಷಿಣಕ್ಕೆ ಟಲ್ಲಿ. ಅಲ್ಲಿ ಕೆಲಸಗಾರರ ಹಾಸ್ಟೆಲ್‌ಗಳಿವೆ. ತೋಟದವರು ಆಳು ಬೇಕಾದಾಗ ಫೋನ್ ಮಾಡುವುದು ಅಲ್ಲಿಗೇ. ಒಂದು ವಾರದ ಬಾಡಿಗೆ ಮಾತ್ರ ಕೊಟ್ಟು ನೋಡಿ, ತಿಂಗಳದ್ದು ಮುಂಗಡ ಕೊಡಬೇಡಿ.

ಮೊದಲು ಬಂದ ಕರೆ ಒಬ್ಬ ಗುತ್ತಿಗೆದಾರನದು. ಸಂಬಳ ಕೈಗೇ ಕೊಡುತ್ತೇನೆ, ಪೇಸ್ಲಿಪ್ ಇಲ್ಲ ಅಂದ. ಆಗಲ್ಲ ಅಂದೆ. ಕೈಯಲ್ಲಿ ದುಡ್ಡು ಕರಗುತ್ತಿದ್ದರೂ ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಎರಡನೇ ವರ್ಷದ ವೀಸಾಕ್ಕೆ, ತೋಟದ ಕೆಲಸದಂಥ ಸರ್ಕಾರ ಗೊತ್ತುಮಾಡಿದ ಕೆಲಸವನ್ನು ಮೂರು ತಿಂಗಳು ಮಾಡಿದ್ದು ತೋರಿಸಬೇಕು, ಅದಕ್ಕೆ ಪೇಸ್ಲಿಪ್ಪೇ ಆಧಾರ. 2025ರ ಜುಲೈನಲ್ಲಿ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಆಯಿತು. ಖಾಯಂ ಅಲ್ಲದ ಆಳಿಗೆ ಅದರ ಮೇಲೆ ಶೇ 25. ಬುಟ್ಟಿ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲೂ 2022ರ ಏಪ್ರಿಲ್‌ನಿಂದ ಗಂಟೆಯ ಕನಿಷ್ಠ ಕೂಲಿ ಖಾತ್ರಿ ಇದೆ. ಮೋಸವಾದರೆ ಕೂಲಿ ವಿಚಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಆಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಮುಂದಿನ ವಾರ ಒಂದು ತೋಟದ ಪ್ಯಾಕಿಂಗ್ ಶೆಡ್‌ನಲ್ಲಿ ಕೆಲಸ ಸಿಕ್ಕಿತು. ಗೊನೆಗಳು ತಲೆಯ ಮೇಲಿನ ಸರಪಳಿಗೆ ಜೋತುಬಿದ್ದು ಬರುತ್ತವೆ. ಚಿಪ್ಪು ಕತ್ತರಿಸಿ ನೀರಿನ ತೊಟ್ಟಿಗೆ ಬಿಡಬೇಕು, ಆರಿಸಬೇಕು, ಪೆಟ್ಟಿಗೆ ತುಂಬಬೇಕು. ಎಲ್ಲವೂ ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆಯ ಬಳಗ. ಒಳಗೆ ಹೋಗುವಾಗ, ಬರುವಾಗ ಬೂಟನ್ನು ಔಷಧದ ನೀರಲ್ಲಿ ಅದ್ದಲೇಬೇಕು. 2015ರಲ್ಲಿ ಟಲ್ಲಿ ಭಾಗದಲ್ಲಿ ಪನಾಮಾ ಸೊರಗು ರೋಗ ಕಾಣಿಸಿಕೊಂಡಿತು. ಅದು ಬೂಟಿಗೆ ಅಂಟಿದ ಮಣ್ಣಲ್ಲೂ ತೋಟದಿಂದ ತೋಟಕ್ಕೆ ಹೋಗುತ್ತದೆ. ಅಪ್ಪನಿಗೆ ಫೋನಲ್ಲಿ ಇದನ್ನು ಹೇಳಿದಾಗ, "ನಮ್ಮೋರೂ ಹೀಗೆ ಮಾಡಿದ್ರೆ ಎಷ್ಟೋ ತೋಟ ಉಳೀತಿತ್ತು ಕಣೋ" ಅಂದರು. ಅವರ ಮಾತಿನಿಂದ ನನ್ನ ಕೆಲಸದ ಮೇಲೆ ನನಗೇ ಗೌರವ ಬಂತು.

ಮೊದಲ ಹದಿನೈದು ದಿನ ಬೆನ್ನು, ಮಣಿಕಟ್ಟು ನೋವು. ಆಮೇಲೆ ಮೈ ಒಗ್ಗಿತು. ಮಳೆ ಮಾತ್ರ ಬಿಡುವುದಿಲ್ಲ. 1950ರಲ್ಲಿ ಟಲ್ಲಿಯಲ್ಲಿ ಸುಮಾರು 7,900 ಮಿ.ಮೀ. ಸುರಿದಿತ್ತು. ಅದರ ನೆನಪಿಗೆ ಊರಲ್ಲಿ ಅಷ್ಟೇ ಎತ್ತರದ, 7.9 ಮೀಟರಿನ ಗಮ್‌ಬೂಟ್ (ಮಳೆಗಾಲದ ಬೂಟು) ಪ್ರತಿಮೆ ನಿಲ್ಲಿಸಿದ್ದಾರೆ. ತೀರ್ಥಹಳ್ಳಿ ಕಡೆಯವನಾದ ನನಗೆ ಆ ಮಳೆ ಹಿಡಿಸಿತು.

ಉಳಿತಾಯದ ಲೆಕ್ಕ ಹಾಕುವಾಗ ತೆರಿಗೆ ಮರೆಯಬೇಡಿ. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15 ಹೋಗುತ್ತದೆ, 45,000 ಡಾಲರಿನವರೆಗೆ ಅದೇ ದರ. ಸೂಪರ್ ಅನ್ನುವ ಪಿಂಚಣಿ ಹಣವನ್ನು ಮಾಲೀಕರು ಬೇರೆಯಾಗಿ ಕಟ್ಟುತ್ತಾರೆ. ದೇಶ ಬಿಟ್ಟ ಮೇಲೆ ಅದನ್ನು ಕೇಳಿ ಪಡೆಯಬಹುದು. ಆದರೆ ಅದರಲ್ಲಿ ಶೇ 65 ತೆರಿಗೆಗೇ ಹೋಗುತ್ತದೆ. ಹಾಗಾಗಿ ಅದನ್ನು ನಂಬಿ ವಾಪಸ್ ಟಿಕೆಟ್‌ನ ಯೋಚನೆ ಮಾಡಬೇಡಿ. ಟಿಕೆಟ್‌ನ ದುಡ್ಡನ್ನು ವಾರದ ಸಂಬಳದಲ್ಲೇ ಬೇರೆ ತೆಗೆದಿಡಿ.