ನೆಟ್ ಹೋದರೂ ನಡೆಯುವ ಡಿ.ಟಿ.ಪಿ. ಅಂಗಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಮುತ್ತ ಡಿ.ಟಿ.ಪಿ. ಅಂಗಡಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಅಂಗಡಿ, ಇಟ್ಟವರಿಗೆ ವರ್ಷಕ್ಕೆ ಎರಡು ಹಂಗಾಮು. ಡಿಸೆಂಬರಿನಿಂದ ಮೇವರೆಗೆ ಮದುವೆ, ಉಪನಯನ, ದೇವಸ್ಥಾನಗಳ ಬ್ರಹ್ಮಕಲಶೋತ್ಸವ, ದೈವಗಳ ನೇಮ, ಯಕ್ಷಗಾನ ಬಯಲಾಟ. ಮಳೆ ಹಿಡಿದ ಮೇಲೆ ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಕಚೇರಿಗಳಿಗೆ ಅರ್ಜಿ. ನಾನು ಈ ಕೆಲಸಕ್ಕೆ ಇಳಿದಾಗಲೂ ಹೀಗೆಯೇ ಇತ್ತು, ಈಗಲೂ ಹೀಗೆಯೇ ಇದೆ. ಬದಲಾದದ್ದು ಕೆಲಸ ಇರುವ ಜಾಗ. ಆಗ ಎಲ್ಲವೂ ಮೇಜಿನ ಕೆಳಗಿನ ಪೆಟ್ಟಿಗೆಯೊಳಗಿತ್ತು. ಈಗ ಗಿರಾಕಿ ಕೊಡುವ ವಿಷಯ ವಾಟ್ಸ್‌ಆ್ಯಪ್‌ನಲ್ಲಿ, ಚಿತ್ರಗಳು ಯಾರದೋ ಡ್ರೈವ್‌ನಲ್ಲಿ, ತಂತ್ರಾಂಶ ಬಾಡಿಗೆಗೆ, ಫಾಂಟ್ ಕೂಡ ಜಾಲದ ಮೇಲೆ. ನೆಟ್ ಹೋದರೆ ಹಲವು ಅಂಗಡಿಗಳಲ್ಲಿ ಶಟರ್ ಅರ್ಧ ಎಳೆದು ಚಹಾಕ್ಕೆ ಹೋಗುತ್ತಾರೆ. ನನ್ನ ಅಂಗಡಿಯಲ್ಲಿ ಕೆಲಸ ನಿಲ್ಲುವುದಿಲ್ಲ. ಅದಕ್ಕೆ ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಹೇಳುತ್ತೇನೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ತೆರೆದದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿ.ಎಸ್.ಎನ್.ಎಲ್. ಮೂಲಕ, ಮಹಾನಗರಗಳಲ್ಲಿ. ಅಲ್ಲಿಂದ ನಮ್ಮ ಗುಡ್ಡೆ ಹತ್ತುವಾಗ ವರ್ಷಗಳೇ ಕಳೆದಿದ್ದವು. ಬಂದದ್ದೂ ಟೆಲಿಫೋನ್ ತಂತಿಯಲ್ಲಿ, ಕಿರುಗುಟ್ಟುವ ಮೊಡೆಮ್‌ನೊಂದಿಗೆ. ಯಾರಾದರೂ ಫೋನ್ ಎತ್ತಿದರೆ ಕಡಿದುಹೋಗುವ ನೆಟ್ ಅದು. ಡಬ್ಬದ ಮೇಲೆ 56 ಕೆಬಿಪಿಎಸ್ ಎಂದಿದ್ದರೂ ಅಷ್ಟು ವೇಗ ಸಿಗುತ್ತಿರಲಿಲ್ಲ. ಸಿಕ್ಕಿದರೂ 5 ಎಂಬಿಯ ಒಂದು ಸ್ಕ್ಯಾನ್ ಚಿತ್ರ ಹೋಗಲು 12 ನಿಮಿಷ ಬೇಕು, ಅಷ್ಟು ಹೊತ್ತೂ ಟೆಲಿಫೋನ್ ಬಿಲ್ಲು ಓಡುತ್ತಿರುತ್ತದೆ. ಹಾಗಾಗಿ ಮಂಗಳೂರಿನ ಆಫ್‌ಸೆಟ್ ಮುದ್ರಣಾಲಯಕ್ಕೆ ನಮ್ಮ ಕಡತಗಳು ಬಸ್ಸಿನಲ್ಲಿ ಹೋಗುತ್ತಿದ್ದವು. ಮೊದಲು 1.44 ಎಂಬಿಯ ಫ್ಲಾಪಿ, ಆಮೇಲೆ ಸಿ.ಡಿ. ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತಿದ್ದುದರಿಂದ ಒಂದೇ ಕಡತವನ್ನು ಎರಡರಲ್ಲಿ ಹಾಕಿ ಕಳುಹಿಸುವುದು ವಾಡಿಕೆ.

ಆದರೆ ಆ ಕಂಪ್ಯೂಟರ್ ನೆಟ್ ಇಲ್ಲದೆಯೂ ಪೂರ್ತಿ ಕಂಪ್ಯೂಟರ್ ಆಗಿತ್ತು. ತಂತ್ರಾಂಶವನ್ನು ಸಿ.ಡಿ.ಯಿಂದ ಹಾಕಿದರೆ ಮುಗಿಯಿತು. ಅದು ಯಾರನ್ನೂ ಕೇಳದೆ ತೆರೆದುಕೊಳ್ಳುತ್ತಿತ್ತು, ಯಾರಿಗೂ ಹೇಳದೆ ಮುಚ್ಚಿಕೊಳ್ಳುತ್ತಿತ್ತು. ನೆಟ್ ಎಂದರೆ ಸಂಜೆ ಒಮ್ಮೆ ಹೋಗಿ ಅಂಚೆ ನೋಡಿ ಬರುವ ಜಾಗ.

ಕನ್ನಡದ ಮಟ್ಟಿಗೆ ನೆಟ್ ತಂದ ದೊಡ್ಡ ಬದಲಾವಣೆ ವೇಗದ್ದಲ್ಲ, ಅಕ್ಷರದ್ದು. ಆಗ ನಾವು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಫಾಂಟ್ ಹಾಕಿ ಕೆಲಸ ಮಾಡುತ್ತಿದ್ದೆವು. ಕೀಲಿಮಣೆ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ವಿನ್ಯಾಸದ್ದು, ಇಂದಿಗೂ ನನ್ನ ಬೆರಳು ಅದನ್ನೇ ಬಲ್ಲದು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಮುದ್ರಣಕ್ಕೆ ಏನೂ ತೊಂದರೆ ಇಲ್ಲ, ಕಾಗದದ ಮೇಲೆ ಅಂದವಾಗಿ ಬರುತ್ತಿತ್ತು. ಅದೇ ಬರಹವನ್ನು ಇಮೇಲ್‌ನಲ್ಲಿ ಹಾಕಿದರೆ ಆ ಫಾಂಟ್ ಇಲ್ಲದವರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಸ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಜಾಗ ಕೊಟ್ಟಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟ್‌ನೊಂದಿಗೆ ಬಂದಾಗ ಸಾಮಾನ್ಯ ಕಂಪ್ಯೂಟರಿನಲ್ಲಿ ಯುನಿಕೋಡ್ ಕನ್ನಡ ಕಾಣಿಸಿತು. ನಮ್ಮ ವೃತ್ತಿಯವರು ಮಾತ್ರ ಹಳೆಯದನ್ನು ಬಿಡಲಿಲ್ಲ, ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲಿಯೇ. ಈಗಲೂ ಅದರಲ್ಲಿಯೇ ಪುಟ ಕಟ್ಟುವವರು ನಮ್ಮ ನಡುವೆ ಇದ್ದಾರೆ, ಅವರ ಕೆಲಸ ನನ್ನದಕ್ಕಿಂತ ಚೆನ್ನಾಗಿಯೂ ಇರುತ್ತದೆ.

ನಾನು ಬಿಟ್ಟದ್ದು ಗಿರಾಕಿಗಳ ಕಾಟಕ್ಕೆ. ಅವರು ಆಮಂತ್ರಣದ ಒಕ್ಕಣೆಯನ್ನು ಮೊಬೈಲಿನಲ್ಲಿ ಕಳುಹಿಸತೊಡಗಿದರು, ಅದು ಯುನಿಕೋಡ್. ತಿದ್ದಿದ್ದನ್ನು ಮೊಬೈಲಿನಲ್ಲಿಯೇ ಓದಬೇಕೆಂದರು, ಅದೂ ಯುನಿಕೋಡ್. ನಡುವೆ ನಾನೊಬ್ಬಳು ಅತ್ತಿಂದಿತ್ತ ಪರಿವರ್ತನೆ ಮಾಡುತ್ತ ಕೂರಬೇಕು. ಹಳೆಯ ಕಡತಗಳನ್ನು ಪರಿವರ್ತಿಸುವಾಗ ಎಲ್ಲಿ ನೋಡಬೇಕು ಎಂಬುದನ್ನು ಹೊಸಬರಿಗಾಗಿ ಬರೆದಿಡುತ್ತೇನೆ. ಮೊದಲು ಅರ್ಕಾವೊತ್ತು. ಹಳೆಯ ಫಾಂಟ್‌ನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ಬರುತ್ತದೆ. ‘ಪ್ರಾರ್ಥನೆ’, ‘ಅರ್ಘ್ಯ’, ‘ತೀರ್ಥ’ ಇವುಗಳಲ್ಲಿ ಒತ್ತು, ಸ್ವರಚಿಹ್ನೆ, ಅರ್ಕ ಸೇರಿಕೊಂಡಾಗ ಕಳಪೆ ಪರಿವರ್ತಕಗಳು ಮುಗ್ಗರಿಸುತ್ತವೆ. ದೇವಸ್ಥಾನದ ಆಮಂತ್ರಣದಲ್ಲಿ ಇಂಥ ಶಬ್ದಗಳೇ ಹೆಚ್ಚು. ಎರಡನೆಯದು, ನಡುವೆ ಇರುವ ಇಂಗ್ಲಿಷ್. ಮಿಂಚಂಚೆಯ ವಿಳಾಸ, ಬ್ಯಾಂಕಿನ ಸಂಕೇತ, ಇವೆಲ್ಲ ಕನ್ನಡದ ತುಂಡುಗಳಾಗಿ ಬದಲಾಗುತ್ತವೆ. ದೇಣಿಗೆ ಕಳುಹಿಸುವ ಖಾತೆಯ ವಿವರವನ್ನು ನಾನು ಪರಿವರ್ತನೆಗೆ ಹಾಕುವುದೇ ಇಲ್ಲ, ಬೇರೆಯಾಗಿ ಟೈಪ್ ಮಾಡಿ ಸೇರಿಸುತ್ತೇನೆ.

ನಡುವಿನ ಕಾಲವನ್ನು ಬೇಗ ಹೇಳಿ ಮುಗಿಸಬಹುದು. 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್ ಬಂತು, ಹಗಲಿಡೀ ನೆಟ್ ತೆರೆದಿಟ್ಟರೂ ಫೋನ್ ರಿಂಗಾಗುತ್ತಿತ್ತು. 2004ರ ಏಪ್ರಿಲ್ 1ರಂದು ಶುರುವಾದ ಜಿಮೇಲ್ 1 ಜಿಬಿ ಜಾಗ ಕೊಟ್ಟದ್ದರಿಂದ ಅಂಚೆಪೆಟ್ಟಿಗೆಯೇ ಕಪಾಟಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಅಡಕೆ ಸುಲಿಯುವವರ ಕೈಯಲ್ಲೂ ನೆಟ್. ಗಡಿಯ ಕಡೆ ಒಂದು ವಿಶೇಷ ತೊಡಕು ಇತ್ತು. ಮಂಜೇಶ್ವರ, ವರ್ಕಾಡಿಯ ಕಡೆಗೆ ಹೋದರೆ ಕೇರಳದ ಸಿಮ್ ಕರ್ನಾಟಕದ ಟವರಿಗೆ ಅಂಟಿಕೊಂಡು ರೋಮಿಂಗ್ ದುಡ್ಡು ಕತ್ತರಿಸುತ್ತಿತ್ತು. ಮನೆಯ ಚಾವಡಿಯಲ್ಲಿ ಕೇರಳ, ಹಟ್ಟಿಯ ಹತ್ತಿರ ಕರ್ನಾಟಕ ಎಂದು ನಗುತ್ತಿದ್ದೆವು.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ನಗು ನಿಂತಿತು. ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ರೋಗಿಗಳು ಒದ್ದಾಡಿದ ದಿನಗಳು ಅವು, ನನ್ನ ಕಾಗದದ ಸಮಸ್ಯೆ ಅದರ ಮುಂದೆ ಏನೂ ಅಲ್ಲ. ಆದರೂ ಕೆಲಸದ ದೃಷ್ಟಿಯಿಂದ ಒಂದು ಸಂಗತಿ ನೋಡಿದೆ. ಕಡತ ಗಡಿ ದಾಟುತ್ತಿತ್ತು, ಅಚ್ಚಾದ ಕಾಗದ ದಾಟುತ್ತಿರಲಿಲ್ಲ. ಇಪ್ಪತ್ತು ಮಂದಿಯ ಮದುವೆಗೆ ಅಚ್ಚು ಯಾರಿಗೆ ಬೇಕು? ಆಮಂತ್ರಣ ಒಂದು ಪುಟದ ಪಿಡಿಎಫ್ ಆಯಿತು, ಆಮೇಲೆ ಮೊಬೈಲಿನ ಪರದೆಯ ಅಳತೆಯ ಚಿತ್ರವಾಯಿತು. ಗಡಿ ತೆರೆದ ಮೇಲೂ ಅದು ಉಳಿಯಿತು. ಈಗ ಮದುವೆಗೆ ಎರಡು ವಿನ್ಯಾಸ ಕೊಡುತ್ತೇನೆ. ಹಿರಿಯರಿಗೆ, ಕುಲದೇವರ ಮುಂದಿಡಲು ಅರಿಸಿನ ಹಚ್ಚುವ ಕಾಗದದ್ದು; ಉಳಿದ ಊರಿಗೆಲ್ಲ ಫೋನಿನದು.

ಇನ್ನು ಸಿಡಿಲು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೂ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆಯ ಮಳೆಗೂ ನಮ್ಮ ಗುಡ್ಡೆಗಳೆಂದರೆ ಪ್ರೀತಿ. ತಾಮ್ರದ ಟೆಲಿಫೋನ್ ತಂತಿ ಸಿಡಿಲನ್ನು ನೇರವಾಗಿ ಮೊಡೆಮ್‌ಗೆ ತಂದು ಒಪ್ಪಿಸುತ್ತಿತ್ತು, ಮೊಡೆಮ್‌ನಿಂದ ಕಂಪ್ಯೂಟರಿನ ಮದರ್‌ಬೋರ್ಡ್‌ಗೆ. ಈಗ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಫೈಬರಿನ ಪೆಟ್ಟಿಗೆಗೆ ಕರೆಂಟು ಬೇಕಲ್ಲ, ಆ ದಾರಿ ಇದ್ದೇ ಇದೆ. ಜೊತೆಗೆ ಅಡಕೆ ಮರವೋ ತೆಂಗಿನ ಮಡಲೋ ಕೇಬಲ್ ಮೇಲೆ ಬಿದ್ದರೆ ಜೋಡಿಸುವವರು ಬರುವವರೆಗೆ ಕಾಯಬೇಕು. ಅಂತರ್ಜಾಲ ಬಳಸುವುದು ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ 2019ರಲ್ಲಿಯೇ ಹೇಳಿದೆ, ರಾಜ್ಯದ್ದೇ ಆದ ಕೆ-ಫೋನ್ ಜಾಲ 2023ರ ಜೂನ್‌ನಲ್ಲಿ ಉದ್ಘಾಟನೆಯಾಗಿದೆ. ಸಿಡಿಲಿಗೆ ತೀರ್ಪು ಓದಿ ಹೇಳುವವರಿಲ್ಲ.

ಅದಕ್ಕೇ ನಾನು ಹಿಡಿದ ದಾರಿ ಇಷ್ಟು. ನೆಟ್‌ನಿಂದ ಬಂದದ್ದು ಇಳಿಯಬೇಕು, ಹೋಗಬೇಕಾದದ್ದು ಸಾಲಿನಲ್ಲಿ ಕಾಯಬೇಕು, ನಡುವಿನ ಕೆಲಸಕ್ಕೆ ನೆಟ್ ಬೇಡ. ನಮ್ಮ ಕಡೆ ಮನೆಯ ಹಿಂದೆ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ ಇರುವವರು ಪಂಚಾಯತಿನ ನಳ್ಳಿಯನ್ನೂ ಹಾಕಿಸಿಕೊಳ್ಳುತ್ತಾರೆ, ಹಾಗೆಂದು ಸುರಂಗವನ್ನು ಮುಚ್ಚುವುದಿಲ್ಲ.

ಇಳಿಸುವುದು ಹೇಗೆ? ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಕ್ಕಣೆ, ಚಿತ್ರ, ಧ್ವನಿ ಸಂದೇಶ ಎಲ್ಲವನ್ನೂ ಅಂದೇ ಕಂಪ್ಯೂಟರಿನ ಕಡತಕೋಶಕ್ಕೆ ಹಾಕುತ್ತೇನೆ. ಕೋಶದ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಮನೆಯ ಅಥವಾ ದೇವಸ್ಥಾನದ ಹೆಸರು, ಕನ್ನಡದಲ್ಲಿಯೇ. ಹೀಗಿಟ್ಟರೆ ಕೋಶಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಚಿತ್ರದ ವಿಷಯದಲ್ಲಿ ದಿನಾ ಒಂದೇ ಮಾತುಕತೆ.

“ಅಕ್ಕಾ, ದೇವರ ಫೋಟೋ ಕಳುಹಿಸಿದ್ದೇನೆ, ಸಿಕ್ಕಿತಾ?”

“ಸಿಕ್ಕಿತು ತಮ್ಮಾ, ಆದರೆ ಅಚ್ಚಿಗೆ ಆಗದು. ಫೋಟೋ ಎಂದು ಕಳುಹಿಸಬೇಡ, ಡಾಕ್ಯುಮೆಂಟ್ ಎಂದು ಕಳುಹಿಸು.”

ಫೋಟೋ ಎಂದು ಕಳುಹಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಪರದೆಯ ಮೇಲೆ ವ್ಯತ್ಯಾಸ ತಿಳಿಯದು, ನಾಲ್ಕಡಿ ಫ್ಲೆಕ್ಸ್ ಮಾಡಿದಾಗ ದೇವರ ಮುಖ ಚೌಕಚೌಕವಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತವೇ ಬರುತ್ತದೆ.

ನಡುವಿನ ಕೆಲಸದಲ್ಲಿ ಬೆರಳಚ್ಚಿಗೆ ಲಿಬ್ರೆಆಫೀಸ್, ಪುಟ ಕಟ್ಟಲು ಸ್ಕ್ರೈಬಸ್, ಅಲಂಕಾರಕ್ಕೆ ಇಂಕ್‌ಸ್ಕೇಪ್. ಮೂರೂ ಉಚಿತ, ಮೂರೂ ನೆಟ್ ಕೇಳುವುದಿಲ್ಲ. ಸ್ಕ್ರೈಬಸ್ 1.5 ಸರಣಿಗೆ ಮೊದಲು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ, ಈಗ ಜೋಡಿಸುತ್ತದೆ. ಇವು ದುಡ್ಡಿನ ತಂತ್ರಾಂಶಗಳಷ್ಟು ನಯವಾಗಿವೆ ಎಂದು ಹೇಳಲಾರೆ. ಆದರೆ ದೊಡ್ಡ ಕಂಪನಿಗಳು 2013ರ ಸುಮಾರಿಗೆ ತಿಂಗಳ ಬಾಡಿಗೆಯ ಪದ್ಧತಿಗೆ ಹೋದ ಮೇಲೆ ತಂತ್ರಾಂಶ ಆಗಾಗ ನೆಟ್‌ಗೆ ಹೋಗಿ ಪರವಾನಿಗೆ ಕೇಳಿ ಬರುತ್ತದೆ. ಬ್ರಹ್ಮಕಲಶದ ಸ್ಮರಣ ಸಂಚಿಕೆ ನಾಳೆ ಅಚ್ಚಿಗೆ ಹೋಗಬೇಕಾದ ರಾತ್ರಿ ಅದು ಕೇಳಲು ಹೊರಟರೆ ಏನು ಮಾಡುವುದು? ನೋಟೋ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳನ್ನು ಕಂಪ್ಯೂಟರಿನಲ್ಲಿಯೇ ಹಾಕಿಟ್ಟಿದ್ದೇನೆ. ಕೈಗೆ ಬಂದ ಹಳೆಯ ಅಚ್ಚು ಪುಟಗಳನ್ನು ಪಠ್ಯವಾಗಿಸಲು ಟೆಸರಾಕ್ಟ್ ಇದೆ, ಕನ್ನಡ ಬಲ್ಲದು, ನೆಟ್ ಬೇಡ. ಜಾಲದ ಮೇಲಿನ ಸೇವೆಗಳು ಇದಕ್ಕಿಂತ ಚೆನ್ನಾಗಿ ಓದುತ್ತವೆ ಎಂಬುದು ನಿಜ, ನೆಟ್ ಇದ್ದಾಗ ಅವನ್ನೇ ಬಳಸುತ್ತೇನೆ. ಹಟ ಹಿಡಿದು ಬಡತನ ಅನುಭವಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ.

ಅಂಗಡಿಯಲ್ಲಿ ದಿನಾ ಬಳಸುವ ಎರಡು ಕಂಪ್ಯೂಟರುಗಳೂ ಮನೆಗೆ ಒಯ್ಯುವ ಲ್ಯಾಪ್‌ಟಾಪೂ ಸಿಂಕ್‌ಥಿಂಗ್ ಎಂಬ ತಂತ್ರಾಂಶದ ಮೂಲಕ ಒಂದನ್ನೊಂದು ನೋಡಿಕೊಳ್ಳುತ್ತವೆ. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗುತ್ತದೆ, ಹೊರಗಿನ ನೆಟ್ ಸತ್ತಿದ್ದರೂ ಅಂಗಡಿಯೊಳಗಿನ ವೈ-ಫೈ ಸಾಕು. ಇದನ್ನೇ ಭದ್ರಪ್ರತಿ ಎಂದುಕೊಳ್ಳಬಾರದು. ಒಂದರಲ್ಲಿ ಅಳಿಸಿದರೆ ಎಲ್ಲದರಲ್ಲಿಯೂ ಅಳಿಯುತ್ತದೆ. ಭದ್ರಪ್ರತಿಗೆ ಬೇರೆ ಹಾರ್ಡ್‌ಡಿಸ್ಕ್ ಇದೆ, ಅದು ಶನಿವಾರ ಅಂಗಡಿಗೆ ಬಂದು ಉಳಿದ ದಿನ ಮನೆಯ ಕಪಾಟಿನಲ್ಲಿರುತ್ತದೆ. ಪ್ರತಿ ಮಾಡಿದ ಮೇಲೆ ಯಾವುದಾದರೂ ಹಳೆಯ ಕಡತವನ್ನು ಅದರಿಂದಲೇ ತೆರೆದು ನೋಡುತ್ತೇನೆ.

ಕಳುಹಿಸುವುದು ಕೊನೆಯ ಹಂತ. ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ ‘ಹೋಗಬೇಕು’ ಎಂಬ ಕೋಶದಲ್ಲಿ ಇಡುತ್ತೇನೆ. ಫೈಬರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬೇರೆ ಕಂಪನಿಯ ಸಿಮ್ ಇರುವ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ. ಎರಡೂ ಸತ್ತಿದ್ದರೆ ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ಬಸ್ಸು.

ಇಷ್ಟೆಲ್ಲ ಮಾಡಿದರೂ ನೆಟ್ ಇಲ್ಲದೆ ಆಗದ ಕೆಲಸ ಹೆಚ್ಚುತ್ತಲೇ ಇದೆ. ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಜಾಲದಲ್ಲಿ, ಅದರ ನಡುವೆ ಓಟಿಪಿ. ಇಂಥದ್ದನ್ನು ನಾನು ಅಕ್ಷಯ ಕೇಂದ್ರಕ್ಕೆ ಕಳುಹಿಸಿಬಿಡುತ್ತೇನೆ. 2002ರಲ್ಲಿ ಮಲಪ್ಪುರಂನಲ್ಲಿ ಜನರಿಗೆ ಕಂಪ್ಯೂಟರ್ ಕಲಿಸಲು ಶುರುವಾದ ಯೋಜನೆ ಅದು, ಈಗ ಜನರ ಪರವಾಗಿ ಕಂಪ್ಯೂಟರ್ ಒತ್ತುವ ಜಾಗವಾಗಿದೆ. ಪರದೆಯ ಮೇಲೆ ಮಲಯಾಳ ಅಥವಾ ಇಂಗ್ಲಿಷ್ ಮಾತ್ರ ಬಂದಾಗ ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರು ಮತ್ತೆ ನನ್ನ ಬಳಿಗೇ ಬರುತ್ತಾರೆ. ಅವರಿಗೆ ಏನು ಕೇಳಿದ್ದಾರೆಂದು ಓದಿ ಹೇಳುತ್ತೇನೆ, ತುಂಬುವುದಿಲ್ಲ. ಅವರ ಆಧಾರ್ ಚಿತ್ರ ನನ್ನ ಫೋನಿಗೆ ಬಂದಿದ್ದರೆ ಅವರ ಎದುರಿಗೇ ಅಳಿಸುತ್ತೇನೆ.

ಧ್ವನಿಯಿಂದ ಬೆರಳಚ್ಚು ಮಾಡುವುದು ಮಾತ್ರ ನನ್ನನ್ನು ಸೋಲಿಸಿದೆ. ಗೂಗಲ್ ಕನ್ನಡಕ್ಕೆ ಅದನ್ನು 2017ರಲ್ಲಿ ತಂದಾಗ ಆಟಿಕೆ ಎಂದುಕೊಂಡಿದ್ದೆ. ಈಗ ನಿವೃತ್ತ ಮಾಸ್ತರರೊಬ್ಬರು ತಾಳಮದ್ದಳೆಯ ನೆನಪುಗಳನ್ನು ಫೋನಿಗೆ ಹೇಳಿ ಹೇಳಿ ಪುಟಗಟ್ಟಲೆ ಕಳುಹಿಸುತ್ತಾರೆ. ಪೂರ್ಣವಿರಾಮ ಒಂದೂ ಇರುವುದಿಲ್ಲ, ಅದನ್ನು ಹಾಕುವುದು ನನ್ನ ಕೂಲಿ. ನೆಟ್ ದುರ್ಬಲವಾದ ದಿನ ಅವರ ಬರವಣಿಗೆ ನಿಲ್ಲುತ್ತದೆ, ನನ್ನದು ನಡೆಯುತ್ತದೆ. ಅವರಿಗೆ ಇದಕ್ಕೆ ಬದಲಿ ಏನೂ ಕೊಡಲು ನನಗೆ ಆಗಿಲ್ಲ.

ಉಳಿದದ್ದು ಹಳೆಯ ಯಂತ್ರದ ಮಾತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ ಒಂದು ಕಂಪ್ಯೂಟರನ್ನು ವಿಂಡೋಸ್‌ನಂತೆಯೇ ಯಂತ್ರ ನಡೆಸುವ, ಉಚಿತವಾಗಿ ಸಿಗುವ ಲಿನಕ್ಸ್‌ಗೆ ಬದಲಿಸಿದೆ. ಪಕ್ಕದ ಮನೆಯ ಹುಡುಗಿ ಬಂದು ಹಾಕಿಕೊಟ್ಟಳು. ಕೇರಳದ ಶಾಲೆಗಳಲ್ಲಿ, ಕನ್ನಡ ಮಾಧ್ಯಮದಲ್ಲಿಯೂ, ಮಕ್ಕಳು ಕಲಿಯುವುದೇ ಅದರಲ್ಲಿ. ಇನ್ನೊಂದು ಮೂಲೆಯಲ್ಲಿ ವಿಂಡೋಸ್ 7 ಇರುವ ಪೆಟ್ಟಿಗೆ, ಅದರಲ್ಲಿ ಪೇಜ್‌ಮೇಕರ್, ನುಡಿ, ಹಿಂದಿನ ಸ್ಮರಣ ಸಂಚಿಕೆಗಳೆಲ್ಲ ಇವೆ. ಭದ್ರತಾ ತೇಪೆ ಬರದ ಯಂತ್ರವಾದ್ದರಿಂದ ಅದಕ್ಕೆ ನೆಟ್‌ನ ತಂತಿ ಜೋಡಿಸಿಲ್ಲ, ವೈ-ಫೈ ಕಾರ್ಡ್ ಕಿತ್ತಿದ್ದೇನೆ. ಅದರಿಂದ ಹೊರಗೆ ಬರುವ ಪೆನ್‌ಡ್ರೈವ್ ಮೊದಲು ಲಿನಕ್ಸ್ ಯಂತ್ರಕ್ಕೆ ಹೋಗುತ್ತದೆ, ಅಲ್ಲಿ ಕಡತ ಪರಿವರ್ತನೆಯಾಗಿ ಅರ್ಕಾವೊತ್ತು ನೋಡಿದ ಮೇಲೆಯೇ ಮುಂದಕ್ಕೆ.